ಕರಾವಳಿಯ ಮನೆಯಲ್ಲಿ ಹಳೆಯ ಫೋಟೊ, ಕಾಗದ, ಮಗುವಿನ ಡೈರಿ ಉಳಿಸಿಕೊಳ್ಳುವ ದಾರಿ

ದೀಪಾವಳಿ ಕಳೆದು ಗಾಳಿ ಒಣಗುವುದಕ್ಕೆ ಶುರುವಾದ ಮೇಲೆ ಈ ಕೆಲಸಕ್ಕೆ ಕೂರಿ. ಪತ್ತನಾಜೆಯ, ಅಂದರೆ ಮೇ ಕೊನೆಯಲ್ಲಿ ಮಳೆಗಾಲಕ್ಕೆ ಮುಂಚೆ ಬರುವ ತುಳುವರ ಆ ದಿನದ, ಒಳಗೆ ಮುಗಿಸಿ. ಮಂಗಳೂರು, ಉಡುಪಿಯಲ್ಲಿ ಡಿಸೆಂಬರಿನಿಂದ ಫೆಬ್ರವರಿವರೆಗೆ ಸಿಗುವಷ್ಟು ಒಣ ಹವೆ ಬೇರೆ ತಿಂಗಳುಗಳಲ್ಲಿ ಸಿಗುವುದಿಲ್ಲ. ಆಟಿಯಲ್ಲಿ, ಅಂದರೆ ಜುಲೈ–ಆಗಸ್ಟಿನ ಮಳೆಯ ತಿಂಗಳಲ್ಲಿ, ಟ್ರಂಕು ತೆರೆದು ಆಲ್ಬಮ್ ಹರಡಿಕೊಂಡರೆ ಹೊರಗಿನ ತೇವವನ್ನು ನಾವೇ ಒಳಗೆ ಕರೆದಂತೆ.

ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಬರುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಆಗ ಗಾಳಿಯ ತೇವಾಂಶ ದಿನಗಟ್ಟಲೆ ಶೇಕಡ 85ರ ಮೇಲೆಯೇ ಇರುತ್ತದೆ. ಫೋಟೊಕ್ಕೂ ಕಾಗದಕ್ಕೂ ಬೂಷ್ಟು ಹಿಡಿಯಲು ಶೇಕಡ 65 ದಾಟಿದರೆ ಸಾಕು. ಅಂದರೆ ನಾವು ಏನೂ ಮಾಡದೆ ಸುಮ್ನೆ ಇಟ್ಟರೂ ವರ್ಷದ ನಾಲ್ಕು ತಿಂಗಳು ಆಲ್ಬಮ್ ಹಾಳಾಗುತ್ತಲೇ ಇರುತ್ತದೆ. ಜೊತೆಗೆ ಉಪ್ಪಿನ ಗಾಳಿ ಬೇರೆ. ಪಿನ್ನು, ಕ್ಲಿಪ್ಪು, ಸ್ಪೈರಲ್ ತಂತಿ ಎಲ್ಲವೂ ಇಲ್ಲಿ ಬೇಗ ತುಕ್ಕು ಹಿಡಿಯುತ್ತವೆ.

ಹೆಚ್ಚಿನವರು ಮೊದಲು ಸ್ಕ್ಯಾನರ್ ಹುಡುಕುತ್ತಾರೆ. ನನ್ನನ್ನು ಕೇಳಿದರೆ ಸ್ಕ್ಯಾನ್ ಮೂರನೆಯ ಕೆಲಸ. ಮೊದಲು ಹಾಳಾಗುತ್ತಿರುವುದನ್ನು ನಿಲ್ಲಿಸಿ. ಆಮೇಲೆ ಮನೆಯ ಹಿರಿಯರ ಪಕ್ಕ ಕೂತು ಹೆಸರು ಬರೆದುಕೊಳ್ಳಿ. ಫೋಟೊವನ್ನು ಬರುವ ವರ್ಷವೂ ಸ್ಕ್ಯಾನ್ ಮಾಡಬಹುದು. ಅಜ್ಜಿಯ ನೆನಪು ಬರುವ ವರ್ಷಕ್ಕೆ ಹೀಗೇ ಇರುತ್ತದೆ ಎಂದು ಯಾರು ಹೇಳುತ್ತಾರೆ?

ಎಲ್ಲವನ್ನೂ ಒಂದು ಕಡೆ ತನ್ನಿ

ಆಲ್ಬಮ್ ಎಲ್ಲಿದೆ ಎಂದು ಎಲ್ಲರಿಗೂ ಗೊತ್ತಿರುತ್ತದೆ. ಉಳಿದದ್ದು ಮನೆಯ ಮೂಲೆ ಮೂಲೆಯಲ್ಲಿ ಅಡಗಿರುತ್ತದೆ. ಕಬ್ಬಿಣದ ಕಪಾಟಿನ ಲಾಕರ್, ಅಟ್ಟದ ಟ್ರಂಕು, ದೇವರ ಕೋಣೆಯ ಪೆಟ್ಟಿಗೆ, ಹಳೆಯ ಪಂಚಾಂಗಗಳ ಕಟ್ಟು, ಪಾಸ್‌ಪೋರ್ಟ್ ಇಟ್ಟ ಚೀಲ, ಜಾಗದ ಕಾಗದಪತ್ರದ ಫೈಲು, ಎಲ್ಲ ನೋಡಿ. ಗೋಡೆಯ ಮೇಲಿನ ಫ್ರೇಮಿನ ಹಿಂದೆ ಇನ್ನೊಂದು ಫೋಟೊ ಸಿಕ್ಕಿಸಿಟ್ಟಿರುವುದೂ ಉಂಟು. ಮಕ್ಕಳು ಹುಟ್ಟಿದ ಗಳಿಗೆ, ನಕ್ಷತ್ರವನ್ನು ಹಿರಿಯರು ಪಂಚಾಂಗದ ಅಂಚಿನಲ್ಲೇ ಬರೆದಿಡುತ್ತಿದ್ದರು. ಆದ್ದರಿಂದ ಹಳೆಯ ಪಂಚಾಂಗವನ್ನು ರದ್ದಿಗೆ ಹಾಕುವ ಮೊದಲು ಪುಟ ಪುಟ ತಿರುವಿ ನೋಡಿ.

ಒಂದು ವಿಷಯ ನೆನಪಿಡಿ. ಕಟ್ಟು ಬಿಚ್ಚುವ ಮೊದಲು ಅದು ಎಲ್ಲಿ ಸಿಕ್ಕಿತು, ಯಾರ ಪೆಟ್ಟಿಗೆಯದ್ದು ಎಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಫೋನಿನಲ್ಲಿ ಒಂದು ಚಿತ್ರವನ್ನೂ ತೆಗೆಯಿರಿ. ದೊಡ್ಡಮ್ಮನ ಟ್ರಂಕಿನಲ್ಲಿ ಒಟ್ಟಿಗೆ ಕಟ್ಟಿಟ್ಟ ಹತ್ತು ಕಾಗದಗಳಿಗೆ ಒಂದಕ್ಕೊಂದು ಸಂಬಂಧ ಇರುತ್ತದೆ. ಉತ್ಸಾಹದಲ್ಲಿ ಎಲ್ಲವನ್ನೂ ಬೆರೆಸಿ ವರ್ಷದ ಪ್ರಕಾರ ಜೋಡಿಸಿದರೆ ಆ ಸಂಬಂಧ ಕಳಚಿ ಹೋಗುತ್ತದೆ.

ಮೇಜಿನ ಮೇಲೆ ತೊಳೆದ ಹತ್ತಿ ಬಟ್ಟೆ ಹಾಸಿ. ಹಳೆಯ ಪಂಚೆ ಒಳ್ಳೆಯದು, ಆದರೆ ಗಂಜಿ ಹಾಕಿದ್ದು ಬೇಡ. ಗಂಜಿಗೆ ಹುಳ ಬರುತ್ತದೆ. ಕೈ ತೊಳೆದು ಪೂರ್ತಿ ಒರೆಸಿಕೊಳ್ಳಿ, ತಲೆಗೆ ಎಣ್ಣೆ ಹಚ್ಚಿದ ಕೈ ಬೇಡ. ಫೋಟೊವನ್ನು ಅಂಚಿನಲ್ಲೇ ಹಿಡಿಯಿರಿ. ಕಾಫಿ ಲೋಟ ಬೇರೆ ಮೇಜಿನಲ್ಲಿರಲಿ.

ಬೂಷ್ಟು, ಹುಳ, ತುಕ್ಕು

ಬೂಷ್ಟು ಹಿಡಿದದ್ದನ್ನು, ಹುಳ ಹೊಡೆದದ್ದನ್ನು ಮೊದಲು ಪ್ರತ್ಯೇಕಿಸಿ. ಚೆನ್ನಾಗಿರುವ ಆಲ್ಬಮ್ ಜೊತೆ ಅವನ್ನು ಒಂದು ರಾತ್ರಿಯೂ ಇಡಬೇಡಿ.

ಬೂಷ್ಟು ಹಸಿಯಾಗಿದ್ದಾಗ ಒರೆಸಿದರೆ ಒಳಕ್ಕೆ ಇಳಿದು ಕಲೆಯಾಗುತ್ತದೆ. ಮೊದಲು ಒಣಗಿಸಬೇಕು. ಬಿಸಿಲಿಗೆ ಹಾಕಬೇಡಿ, ಬಿಸಿಲಿಗೆ ಫೋಟೊ ಸುರುಳಿಯಾಗುತ್ತದೆ, ಶಾಯಿ ಮಾಸುತ್ತದೆ. ಗಾಳಿ ಆಡುವ ಚಾವಡಿಯ ನೆರಳಿನಲ್ಲಿ ಹರಡಿಡಿ. ಬೂಷ್ಟು ಪುಡಿಪುಡಿಯಾದ ಮೇಲೆ ಮನೆಯ ಹೊರಗೆ, ಎನ್-95 ಮಾಸ್ಕ್ ಹಾಕಿಕೊಂಡು, ಮೆದು ಕೂದಲಿನ ಪೇಂಟಿಂಗ್ ಬ್ರಶ್ಶಿನಿಂದ ನಿಮ್ಮಿಂದ ಆಚೆಗೆ ಗುಡಿಸಿ. ದಮ್ಮು, ಅಲರ್ಜಿ ಇರುವವರು ಈ ಕೆಲಸಕ್ಕೆ ಕೂರುವುದು ಬೇಡ. ಒದ್ದೆ ಬಟ್ಟೆ, ಡೆಟಾಲ್, ಸ್ಯಾನಿಟೈಸರ್ ಯಾವುದನ್ನೂ ಹಚ್ಚಬೇಡಿ. ಫೋಟೊದ ಮೇಲ್ಪದರ ಜೆಲಾಟಿನ್. ನೀರು ತಾಗಿದರೆ ಅಂಟಾಗುತ್ತದೆ, ಬ್ರಶ್ಶಿಗೆ ಎದ್ದು ಬರುತ್ತದೆ. ಉಳಿದ ಕಲೆ ಇರಲಿ ಬಿಡಿ.

ಕಾಗದ ತಿನ್ನುವವರಲ್ಲಿ ಮುಖ್ಯವಾದದ್ದು ಒರಲೆ, ಜಿರಳೆ, ಮತ್ತೆ ಆ ಬೆಳ್ಳಿ ಬಣ್ಣದ ಓಡುವ ಹುಳ. ಬೆಳ್ಳಿ ಹುಳಕ್ಕೆ ಗೋಂದು, ಹಿಟ್ಟಿನ ಅಂಟು ಅಂದರೆ ಪ್ರೀತಿ. ಕಾಗದದಲ್ಲೋ ಡೈರಿಯಲ್ಲೋ ಹುಳ ಇದೆ ಎಂಬ ಅನುಮಾನ ಬಂದರೆ ಫ್ರೀಜರ್ ಒಳ್ಳೆಯ ಉಪಾಯ. ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಇನ್ನೊಂದು ಕವರಿನಲ್ಲಿ ಮುಚ್ಚಿ, ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಕವರನ್ನು ಕೂಡಲೇ ಬಿಚ್ಚಬೇಡಿ. ಒಂದು ದಿನ ಹಾಗೇ ಬಿಟ್ಟು ಕೋಣೆಯ ಬಿಸಿಗೆ ಬಂದ ಮೇಲೆ ತೆರೆಯಿರಿ, ಇಲ್ಲದಿದ್ದರೆ ಕಾಗದದ ಮೇಲೆಯೇ ನೀರು ಕೂರುತ್ತದೆ. ಗಾಜಿನ ಫ್ರೇಮು, ಗಾಜಿನ ನೆಗೆಟಿವ್ ಇದಕ್ಕೆ ಸಲ್ಲ.

ನುಸಿಗುಳಿಗೆ, ಅಂದರೆ ನಾಫ್ತಲೀನ್ ಗುಳಿಗೆ, ಹಾಕುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಅದನ್ನು ಬಿಡಿ. ಅದರ ಆವಿ ಕೆಲವು ಪ್ಲಾಸ್ಟಿಕ್ ಕವರುಗಳನ್ನು ಮೆತ್ತಗಾಗಿಸುತ್ತದೆ, ಮನುಷ್ಯರಿಗೂ ಒಳ್ಳೆಯದಲ್ಲ. ಮಗುವಿನ ಹಳೆಯ ಬಟ್ಟೆಗಳ ಜೊತೆಯಂತೂ ಹಾಕಲೇಬೇಡಿ. ಆ ಬಟ್ಟೆಯನ್ನು ಮುಂದೆ ಇನ್ನೊಂದು ಹಸುಗೂಸಿಗೆ ತೊಡಿಸಿದರೆ, ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಗುವಿಗೆ ರಕ್ತದ ಕೆಂಪುಕಣಗಳೇ ಒಡೆಯುವ ಅಪಾಯ ಇದೆ.

ಪಿನ್ನು, ಸ್ಟೇಪಲ್, ರಬ್ಬರ್ ಬ್ಯಾಂಡ್ ಎಲ್ಲ ತೆಗೆಯಿರಿ. ಸ್ಟೇಪಲನ್ನು ಎಳೆಯಬೇಡಿ, ಹಿಂದಿನ ಎರಡು ಕಾಲುಗಳನ್ನು ನೇರ ಮಾಡಿ ಮೆಲ್ಲ ಜಾರಿಸಿ. ಹಳದಿಯಾದ ಸೆಲೊಟೇಪ್ ತಾನಾಗಿ ಕಳಚಿದ್ದರೆ ತೆಗೆಯಿರಿ, ಅಂಟಿಕೊಂಡಿದ್ದರೆ ಕೈ ಹಾಕಬೇಡಿ. ಹರಿದದ್ದಕ್ಕೆ ಹೊಸ ಟೇಪ್ ಹಚ್ಚುವುದೂ ಬೇಡ. ಲ್ಯಾಮಿನೇಶನ್ ಮಾಡಿಸುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ಬಿಸಿಯಲ್ಲಿ ಅಂಟಿಸಿದ ಪ್ಲಾಸ್ಟಿಕನ್ನು ಮತ್ತೆ ಯಾರಿಂದಲೂ ಬಿಡಿಸಲು ಆಗುವುದಿಲ್ಲ.

1970–80ರ ದಶಕದಲ್ಲಿ ಬಂದ ಅಂಟಿನ ಪುಟದ ಆಲ್ಬಮ್‌ಗಳು ಬಹಳ ಮನೆಗಳಲ್ಲಿವೆ. ಪ್ಲಾಸ್ಟಿಕ್ ಹಾಳೆ ಎತ್ತಿ, ಫೋಟೊ ಇಟ್ಟು, ಮತ್ತೆ ಮುಚ್ಚುವ ಬಗೆಯವು. ಆ ಅಂಟೇ ಫೋಟೊವನ್ನು ಹಳದಿ ಮಾಡುತ್ತದೆ. ಮೊದಲು ಇಡೀ ಪುಟದ ಚಿತ್ರ ತೆಗೆಯಿರಿ. ಆಮೇಲೆ ಹಲ್ಲಿನ ಸಂದಿಗೆ ಬಳಸುವ ಫ್ಲಾಸ್ ದಾರವನ್ನು ಫೋಟೊದ ಹಿಂದೆ ತೂರಿಸಿ, ಗರಗಸ ಎಳೆದ ಹಾಗೆ ಮೆಲ್ಲ ಮೆಲ್ಲ ಎಳೆಯಿರಿ. ಬಾರದಿದ್ದರೆ ಒತ್ತಾಯ ಬೇಡ, ಪುಟದ ಸಮೇತ ಸ್ಕ್ಯಾನ್ ಮಾಡಿ. ಫ್ರೇಮಿನ ಗಾಜಿಗೆ ಅಂಟಿಕೊಂಡ ಫೋಟೊಕ್ಕೂ ಇದೇ ಮಾತು. ಎಳೆದರೆ ಮುಖವೇ ಗಾಜಿನಲ್ಲಿ ಉಳಿಯುತ್ತದೆ. ಗಾಜಿನ ಮೇಲಿಂದಲೇ ಪ್ರತಿ ತೆಗೆಯಿರಿ.

ಹೆಸರು ಕೇಳಿ ಬರೆದುಕೊಳ್ಳುವುದು

ಇದಕ್ಕೆ ಎಷ್ಟು ಸಮಯ ಕೊಟ್ಟರೂ ಕಡಿಮೆಯೇ. ಹೆಸರಿಲ್ಲದ ಫೋಟೊವನ್ನು ಮೂರನೆಯ ತಲೆಮಾರಿನವರು ಇಟ್ಟುಕೊಳ್ಳುವುದಿಲ್ಲ. ಅವರ ತಪ್ಪೂ ಅಲ್ಲ, ಅವರಿಗೆ ಅದು ಗುರುತಿಲ್ಲದವರ ಮುಖ.

ಫೋಟೊವನ್ನು ಫೋನಿನಲ್ಲಿ ತೆಗೆದು ಎ4 ಹಾಳೆಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಕನ್ನಡಕ ಹಾಕಿದ ಹಿರಿಯರಿಗೆ ಪಾಸ್‌ಪೋರ್ಟ್ ಅಳತೆಯ ಮುಖ ಕಾಣುವುದಿಲ್ಲ. ಪ್ರಿಂಟಿನ ಮೇಲೆ ಪ್ರತಿ ತಲೆಗೂ ಒಂದು ಸಂಖ್ಯೆ ಹಾಕಿ. ಊಟ ಮುಗಿಸಿ ಸ್ವಲ್ಪ ಮಲಗಿ ಎದ್ದ ಮೇಲೆ, ಚಹಾದ ಹೊತ್ತಿಗೆ ಕೂರಿ. ಫೋನಿನಲ್ಲಿ ಧ್ವನಿ ರೆಕಾರ್ಡ್ ಆಗುತ್ತಿರಲಿ, ಅವರಿಗೆ ಹೇಳಿಯೇ ಇಡಿ. ಶುರುವಿಗೆ ಫೋಟೊದ ಸಂಖ್ಯೆಯನ್ನೂ ದಿನಾಂಕವನ್ನೂ ಬಾಯಿಬಿಟ್ಟು ಹೇಳಿ, ಆಮೇಲೆ ಯಾವ ಫೋಟೊದ ಮಾತು ಎಂದು ಗೊಂದಲ ಬರುವುದಿಲ್ಲ.

"ಇವರು ಯಾರು?" ಎಂದು ಕೇಳಿದರೆ "ನೆನಪಿಲ್ಲ ಮಗಾ" ಎಂದುಬಿಡುತ್ತಾರೆ. ಜಾಗದಿಂದ, ಸಂದರ್ಭದಿಂದ ಶುರು ಮಾಡಿ.

"ಅಜ್ಜಿ, ಈ ಚಪ್ಪರ ಯಾರ ಮನೆಯದ್ದು?"

"ಇದಾ? ನಮ್ಮ ಹಳೆ ಮನೆಯ ಅಂಗಳ ಅಲ್ವಾ. ನಿನ್ನ ದೊಡ್ಡಮ್ಮನ ಮದುವೆ ಇರಬೇಕು ಮಾರಾಯ. ಬಾವಿಕಟ್ಟೆ ಆಗ ಹೊಸತಾಗಿ ಕಟ್ಟಿದ್ದು."

"ಹಾಗಾದರೆ ಬಾವಿಕಟ್ಟೆ ಹತ್ತಿರ ನಿಂತವರು?"

"ಅವನು ಬೊಂಬಾಯಿಯಿಂದ ಬಂದಿದ್ದ. ಹೋಟೆಲಿನಲ್ಲಿ ಇದ್ದ ಅಣ್ಣ."

ಹೀಗೆ ಒಂದು ಬಾವಿಕಟ್ಟೆಯಿಂದ ವರ್ಷವೂ ಸಿಗುತ್ತದೆ, ಮನುಷ್ಯನೂ ಸಿಗುತ್ತಾನೆ. ಸೀರೆ, ಒಡವೆ, ಹಿಂದೆ ಕಾಣುವ ಬಸ್ಸು, ಹಂಚಿನ ಮಾಡು, ಯಾವುದನ್ನು ತೋರಿಸಿದರೂ ಒಂದು ದಾರ ಸಿಗುತ್ತದೆ. ಇಬ್ಬರು ಹಿರಿಯರನ್ನು ಒಟ್ಟಿಗೆ ಕೂರಿಸಿದರೆ ಇನ್ನೂ ಒಳ್ಳೆಯದು. ಅವರು ಜಗಳಾಡಲಿ. ಇಬ್ಬರ ಮಾತನ್ನೂ ಬರೆದಿಟ್ಟುಕೊಳ್ಳಿ, ಯಾರದ್ದು ಸರಿ ಎಂದು ಆಗಲೇ ತೀರ್ಮಾನ ಮಾಡಬೇಡಿ.

ತುಳುನಾಡಿನಲ್ಲಿ ಬರೀ ಹೆಸರು ಬರೆದರೆ ಸಾಲದು. ಒಂದೇ ಕುಟುಂಬದಲ್ಲಿ ಮೂರು ಬಾಬು, ನಾಲ್ಕು ಲಕ್ಷ್ಮಿ ಇರುತ್ತಾರೆ. ಹೆಸರಿನ ಜೊತೆ ಮನೆಯ ಹೆಸರು ಬರೆಯಿರಿ. ಅಳಿಯಸಂತಾನದ ಕುಟುಂಬವಾದರೆ ತಾಯಿಯ ಕಡೆಯಿಂದ ಗುರುತು ಹಾಕಿ, "ಇಂಥ ಮನೆಯ ಇಂಥವರ ಎರಡನೆಯ ಮಗಳ ಮಗ" ಎಂಬ ಹಾಗೆ. ಬಳಿಯ, ಅಂದರೆ ತಾಯಿಯ ಕಡೆಯ ಕುಲದ, ಹೆಸರು ಗೊತ್ತಿದ್ದರೆ ಅದನ್ನೂ ಸೇರಿಸಿ. ತಂದೆಯ ಹೆಸರಿನ ಮರ ಮಾತ್ರ ಬರೆಯುವ ಆ್ಯಪ್‌ಗಳಲ್ಲಿ ಈ ಕುಟುಂಬಗಳ ಅರ್ಧ ಕಥೆ ಕಾಣಿಸುವುದೇ ಇಲ್ಲ. ಕ್ರೈಸ್ತ ಕುಟುಂಬದವರಿಗೆ ಇನ್ನೊಂದು ಅನುಕೂಲ ಇದೆ. ಇಗರ್ಜಿಯ (ಚರ್ಚಿನ) ಜ್ಞಾನಸ್ನಾನದ ದಾಖಲೆಯಲ್ಲಿ ತಾರೀಕು, ತಂದೆತಾಯಿ, ಗಾಡ್‌ಫಾದರ್ ಗಾಡ್‌ಮದರ್ ಹೆಸರು ಇರುತ್ತದೆ. ಫೋಟೊದ ವರ್ಷ ಗೊತ್ತಾಗದಿದ್ದರೆ ಅಲ್ಲಿ ವಿಚಾರಿಸಬಹುದು.

ಫೋಟೊದ ಹಿಂದೆ ಬರೆಯುವುದಾದರೆ ಮೆದುವಾದ ಪೆನ್ಸಿಲ್ ಮಾತ್ರ, 4ಬಿ ಅಥವಾ 6ಬಿ. ಅದೂ ಗಟ್ಟಿ ಮೇಜಿನ ಮೇಲಿಟ್ಟು, ಅಂಚಿನಲ್ಲಿ, ಒತ್ತದೆ. ಬಾಲ್‌ಪೆನ್ನಿನಲ್ಲಿ ಬರೆದರೆ ಅಕ್ಷರ ಮುಂದಿನ ಮುಖದಲ್ಲಿ ಉಬ್ಬಿ ಕಾಣುತ್ತದೆ. ಈಚಿನ ಕಲರ್ ಪ್ರಿಂಟ್‌ಗಳ ಹಿಂಬದಿ ಪ್ಲಾಸ್ಟಿಕ್‌ನಂತೆ ನುಣುಪು, ಅದರಲ್ಲಿ ಪೆನ್ಸಿಲ್ ಹಿಡಿಯುವುದಿಲ್ಲ. ಅಂಥದ್ದಕ್ಕೆ ಹೆಸರನ್ನು ಲಕೋಟೆಯ ಮೇಲೆ ಬರೆದು, ಆಮೇಲೆ ಫೋಟೊ ಒಳಗೆ ಹಾಕಿ. ಹಿಂದೆ ಸ್ಟುಡಿಯೊದ ಮುದ್ರೆ ಇದ್ದರೆ ಅದನ್ನೂ ಸ್ಕ್ಯಾನ್ ಮಾಡಿಕೊಳ್ಳಿ, ಫೋಟೊ ಎಲ್ಲಿ ತೆಗೆಸಿದ್ದು ಎಂಬುದಕ್ಕೆ ಅದೇ ಸಾಕ್ಷಿ.

ಕಾಗದಗಳ ವರ್ಷ ಪತ್ತೆ ಮಾಡುವುದು

ಬೊಂಬಾಯಿಯಿಂದ, ಕೊಲ್ಲಿಯಿಂದ ಬಂದ ಕಾಗದಗಳ ಕಟ್ಟು ಇಲ್ಲದ ಮನೆ ಇಲ್ಲಿ ಕಡಿಮೆ. ಅಂಚೆ ಮುದ್ರೆ ಓದಲು ಬಂದರೆ ತಾರೀಕು ಸುಲಭ. ಮಾಸಿದ್ದರೆ ವಿಳಾಸವನ್ನು ನೋಡಿ. ನಮ್ಮ ದಕ್ಷಿಣ ಕನ್ನಡ ಜಿಲ್ಲೆ (ಆಗಿನ ಸೌತ್ ಕೆನರಾ) 1956ರ ನವೆಂಬರ್ 1ರವರೆಗೆ ಮದರಾಸಿಗೆ ಸೇರಿತ್ತು. "ಮೈಸೂರು ರಾಜ್ಯ" ಎಂದಿದ್ದರೆ ಅದು ಬಹುಶಃ 1956ರಿಂದ 1973ರ ನಡುವಿನದ್ದು, ಏಕೆಂದರೆ 1973ರ ನವೆಂಬರ್ 1ಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ, ಹಾಗಾಗಿ ಪಿನ್ ಇದ್ದರೆ ಅದಕ್ಕಿಂತ ಹಳೆಯದಲ್ಲ. ಸ್ಟಾಂಪಿನ ಬೆಲೆ ಆಣೆಯಲ್ಲಿದ್ದರೆ 1957ಕ್ಕೆ ಮೊದಲು ಅಚ್ಚಾದದ್ದು. "ನಯೇ ಪೈಸೆ" ಎಂದಿದ್ದರೆ 1957ರಿಂದ 1964ರ ಕಾಲದ್ದು. "ಉಡುಪಿ ಜಿಲ್ಲೆ" ಎಂದಿದ್ದರೆ 1997ರ ನಂತರದ್ದು. ಆದರೆ ನಮ್ಮವರು ಹಳೆಯ ಅಭ್ಯಾಸದಲ್ಲಿ ವರ್ಷಗಟ್ಟಲೆ "ಸೌತ್ ಕೆನರಾ" ಎಂದೇ ಬರೆಯುತ್ತಿದ್ದರು, ಅದನ್ನು ಮಾತ್ರ ನೋಡಿ ತೀರ್ಮಾನ ಮಾಡಬೇಡಿ.

ಇನ್‌ಲ್ಯಾಂಡ್ ಪತ್ರವನ್ನು ಬಿಚ್ಚಿ ಚಪ್ಪಟೆಯಾಗಿ ಇಡಿ. ಮಡಿಕೆಯಲ್ಲೇ ಕಾಗದ ಮೊದಲು ಹರಿಯುವುದು. ಮಡಿಕೆ ಗಟ್ಟಿಯಾಗಿದ್ದರೆ ಬಲವಂತ ಬೇಡ, ಎರಡು ಬಿಳಿ ಹಾಳೆಯ ನಡುವೆ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಿ ಕೆಲವು ದಿನ ಬಿಡಿ. ಇಸ್ತ್ರಿಪೆಟ್ಟಿಗೆ ಮುಟ್ಟಬೇಡಿ. ಲಕೋಟೆಯನ್ನು ಪತ್ರದ ಜೊತೆಗೇ ಇಡಿ, ಸ್ಟಾಂಪ್ ಕತ್ತರಿಸಿ ಮಕ್ಕಳಿಗೆ ಕೊಡಬೇಡಿ.

ಕಾಗದ ಓದುವಾಗ ಮನೆಯ ಜಗಳ, ಸಾಲ, ಪಾಲುಪಟ್ಟಿಯ ಮಾತುಗಳೂ ಬರುತ್ತವೆ. ಅವನ್ನು ಸುಡುವ ಆಲೋಚನೆ ಕೆಲವರಿಗೆ ಬರುತ್ತದೆ. ಸುಡಬೇಡಿ. ಲಕೋಟೆಗೆ ಹಾಕಿ ಮುಚ್ಚಿ, ಯಾರು ಯಾವಾಗ ತೆರೆಯಬಹುದು ಎಂದು ಮೇಲೆ ಬರೆದು ಇಡಿ. ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಕಾಗದಗಳಲ್ಲಿ ಅದು ಸೇರದಿರಲಿ. ಊರಿನ ಚರಿತ್ರೆಗೆ ಸಂಬಂಧಪಟ್ಟ ಕಾಗದ, ಹಸ್ತಪ್ರತಿ ಸಿಕ್ಕಿದರೆ ಉಡುಪಿಯ ಎಂ.ಜಿ.ಎಂ. ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲೋ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿಗೆ ಸಂಬಂಧಪಟ್ಟದ್ದಾದರೆ ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನಲ್ಲೋ ತೋರಿಸಿ ಕೇಳಬಹುದು.

ಮಗುವಿನ ಡೈರಿ

ಡೈರಿ ಬರೀ ಪುಸ್ತಕ ಆಗಿದ್ದರೆ ಸುಲಭ ಇತ್ತು. ಅದರೊಳಗೆ ಎಲ್ಲವೂ ಇರುತ್ತದೆ. ಮೊದಲ ಕೂದಲು, ಆಸ್ಪತ್ರೆಯ ಕೈಪಟ್ಟಿ, ಸ್ಕ್ಯಾನಿಂಗ್ ಚಿತ್ರ, ಪಾದದ ಅಚ್ಚು, ತೊಟ್ಟಿಲು ಹಾಕಿದ ದಿನದ ಮಲ್ಲಿಗೆ ಹೂವು, ಅಂಟಿಸಿದ ಫೋಟೊ. ಒಂದೊಂದಕ್ಕೂ ಒಂದೊಂದು ಬಗೆ.

ಎಲ್ಲಕ್ಕಿಂತ ಅವಸರದ್ದು ಹೊಟ್ಟೆಯೊಳಗಿನ ಮಗುವಿನ ಸ್ಕ್ಯಾನಿಂಗ್ ಚಿತ್ರ. ಆ ಹೊಳೆಯುವ ಕಾಗದ ಥರ್ಮಲ್ ಕಾಗದ, ಅಂಗಡಿಯ ಬಿಲ್ಲಿನ ಜಾತಿಯದ್ದು. ಬಿಸಿ, ಬೆಳಕು, ಪ್ಲಾಸ್ಟಿಕ್ ಕವರು, ಅಂಟು, ಯಾವುದು ತಾಗಿದರೂ ಮಾಸುತ್ತದೆ ಅಥವಾ ಕಪ್ಪಾಗುತ್ತದೆ. ಇವತ್ತೇ ಪ್ರತಿ ತೆಗೆದು, ಅದನ್ನು ಫೋಟೊ ಕಾಗದದಲ್ಲಿ ಪ್ರಿಂಟ್ ಹಾಕಿಸಿ ಡೈರಿಯಲ್ಲಿಡಿ. ಮೂಲವನ್ನು ಕಾಗದದ ಲಕೋಟೆಯಲ್ಲಿ ಬೇರೆ ಇಡಿ.

ಕೂದಲು ಚೆನ್ನಾಗಿ ಒಣಗಿರಬೇಕು. ಬಿಳಿ ಕಾಗದದಲ್ಲಿ ಮಡಚಿ, ಹೆಸರು ತಾರೀಕು ಬರೆದ ಲಕೋಟೆಗೆ ಹಾಕಿ. ಟೇಪಿನಲ್ಲಿ ಪುಟಕ್ಕೆ ಅಂಟಿಸಬೇಡಿ. ಹೊಕ್ಕುಳಬಳ್ಳಿಯ ತುಂಡು ಇಟ್ಟುಕೊಂಡಿದ್ದರೆ ಡೈರಿಯಿಂದ ಪೂರ್ತಿ ದೂರ ಇಡಿ, ಅದಕ್ಕೆ ಹುಳ ಬಂದೇ ಬರುತ್ತದೆ. ಹೂವು ಎಷ್ಟೇ ಒಣಗಿದ್ದರೂ ಅದರ ಕಂದು ಕಲೆ ಎದುರಿನ ಪುಟಕ್ಕೆ ಇಳಿಯುತ್ತದೆ. ಶಂಕರಪುರ ಮಲ್ಲಿಗೆಯ ಆ ದಂಡೆಯನ್ನು ಬಿಸಾಡಲು ಯಾರಿಗೂ ಮನಸ್ಸು ಬಾರದು, ಬೇಡವೂ ಬೇಡ. ಅದು ಇದ್ದ ಪುಟದ ಚಿತ್ರ ತೆಗೆದು, ಹೂವನ್ನು ಬೇರೆ ಲಕೋಟೆಗೆ ಹಾಕಿ, ಪುಟದಲ್ಲಿ ಚೀಟಿ ಇಡಿ.

ತಾಯಿ ಕಾರ್ಡು, ಲಸಿಕೆಯ ಪುಸ್ತಕವನ್ನೂ ಇದರ ಜೊತೆ ಸೇರಿಸಿ ಸ್ಕ್ಯಾನ್ ಮಾಡಿ. ಶಾಲೆಗೆ, ವಿದೇಶಕ್ಕೆ ಹೋಗುವಾಗ ಲಸಿಕೆಯ ತಾರೀಕು ಕೇಳುತ್ತಾರೆ. ಆದರೆ ಆಸ್ಪತ್ರೆಯ ನಂಬರು, ಆಧಾರ್ ನಂಬರು ಕಾಣುವ ಪುಟಗಳನ್ನು ಯಾರಿಗೂ ಸುಮ್ನೆ ಕಳಿಸಬೇಡಿ.

ಡೈರಿಯ ಹೊಲಿಗೆ ಬಿಚ್ಚಬೇಡಿ. ಸ್ಕ್ಯಾನರಿನ ಗಾಜಿಗೆ ಒತ್ತಿ ಹಿಡಿದರೂ ಬೆನ್ನು ಮುರಿಯುತ್ತದೆ. ಅರ್ಧ ತೆರೆದು, ಎರಡೂ ಕಡೆ ಬಟ್ಟೆಯ ಸುರುಳಿ ಆಧಾರ ಕೊಟ್ಟು, ಮೇಲಿಂದ ಕ್ಯಾಮೆರಾದಲ್ಲಿ ತೆಗೆಯಿರಿ. ಖಾಲಿ ಪುಟವನ್ನೂ ತೆಗೆಯಿರಿ. ಅಮ್ಮ ಬರೆಯುವುದನ್ನು ನಿಲ್ಲಿಸಿದ ಜಾಗವೂ ಆ ಡೈರಿಯದ್ದೇ.

ಬರೆದದ್ದನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡುವಾಗ ಭಾಷೆ ತಿದ್ದಬೇಡಿ. ಅಮ್ಮ ಕನ್ನಡದಲ್ಲಿ ಬರೆಯುತ್ತಾ ಮಗುವಿನ ಮಾತನ್ನು ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಹಾಗೇ ಇಟ್ಟಿರುತ್ತಾರೆ. ಅದು ಹಾಗೇ ಇರಲಿ. ಮತ್ತೆ, ಟೈಪ್ ಯುನಿಕೋಡಿನಲ್ಲೇ, ಅಂದರೆ ಯಾವ ಫೋನು, ಕಂಪ್ಯೂಟರಿನಲ್ಲೂ ಓದಲು ಬರುವ ಅಕ್ಷರ ವ್ಯವಸ್ಥೆಯಲ್ಲೇ, ಆಗಬೇಕು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಗೀಚು ಗೀಚು ಕಾಣುತ್ತದೆ. ಅಂಥ ಹಳೆಯ ಕಡತ ಇದ್ದರೆ ಈಗಲೇ ಯುನಿಕೋಡಿಗೆ ಬದಲಿಸಿಕೊಳ್ಳಿ.

ಹೊಸ ಡೈರಿ ಶುರು ಮಾಡುವವರು ಸ್ಪೈರಲ್ ಬಿಟ್ಟು ಹೊಲಿದ ಪುಸ್ತಕ ಕೊಳ್ಳಿ. ಜೆಲ್ ಪೆನ್ನು, ಸ್ಕೆಚ್ ಪೆನ್ನು ಬೇಡ, ಅವುಗಳಲ್ಲಿ ಹಲವು ಒಂದು ಹನಿ ನೀರಿಗೆ ಹರಡುತ್ತವೆ. ಪಿಗ್ಮೆಂಟ್ (ನೀರಿಗೆ ಕರಗದ ಬಣ್ಣದ) ಶಾಯಿಯ ಪೆನ್ನು ಸಿಕ್ಕಿದರೆ ಒಳ್ಳೆಯದು, ಇಲ್ಲದಿದ್ದರೆ ಪೆನ್ಸಿಲ್ ಆದೀತು. ಫೋಟೊಕ್ಕೆ ಗೋಂದಿನ ಬದಲು ಕಾಗದದ ಮೂಲೆಗಳನ್ನು ಬಳಸಿ. ಮಗು ಎಷ್ಟು ತೂಗಿತು ಎಂಬುದು ಆಸ್ಪತ್ರೆಯ ಕಾಗದದಲ್ಲಿ ಇದ್ದೇ ಇರುತ್ತದೆ. ಕಿವಿಯಲ್ಲಿ ಹೆಸರು ಹೇಳಿದವರು ಯಾರು, ಬಾಣಂತನಕ್ಕೆ ಯಾರು ಬಂದಿದ್ದರು, ಯಾವ ಹಾಡು ಹೇಳಿದರೆ ನಿದ್ದೆ ಬರುತ್ತಿತ್ತು ಎಂಬುದು ಬೇರೆಲ್ಲೂ ಸಿಗದು. ಅದನ್ನು ಬರೆಯಿರಿ. ಮಗು ದೊಡ್ಡವನಾದ ಮೇಲೆ, ದೊಡ್ಡವಳಾದ ಮೇಲೆ, ಆ ಪುಟಗಳನ್ನು ಯಾರಿಗೆ ತೋರಿಸಬಹುದು ಎಂದು ಅವರನ್ನೇ ಕೇಳಿ.

ಈಗ ಸ್ಕ್ಯಾನ್

ಸಾಮಾನ್ಯ ಫೋಟೊಕ್ಕೆ 600 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಎಂಬ ಲೆಕ್ಕ) ಸಾಕು. ಪಾಸ್‌ಪೋರ್ಟ್ ಅಳತೆಯದ್ದಕ್ಕೆ 1,200. ನೆಗೆಟಿವ್‌ಗೆ 2,400ಕ್ಕಿಂತ ಮೇಲೆ ಬೇಕು, ಅದಕ್ಕೆ ಹಿಂದಿನಿಂದ ಬೆಳಕು ಬರುವ ಸ್ಕ್ಯಾನರ್ ಬೇಕಾಗುತ್ತದೆ. ಕಾಗದ, ಡೈರಿಗೆ 300 ಸಾಕು, ಆದರೆ ಕಲರಿನಲ್ಲೇ ಮಾಡಿ. ಕಪ್ಪುಬಿಳುಪಿನಲ್ಲಿ ಮಾಡಿದರೆ ಪೆನ್ಸಿಲ್ ಅಕ್ಷರ, ಮಾಸಿದ ಶಾಯಿ ಕಳೆದುಹೋಗುತ್ತದೆ. ತಾನಾಗಿ ಬಣ್ಣ ತಿದ್ದುವ ಆಯ್ಕೆಯನ್ನು ಆಫ್ ಮಾಡಿ. ಮೊದಲ ಪ್ರತಿ ಇದ್ದದ್ದು ಇದ್ದ ಹಾಗೆ ಇರಲಿ, ತಿದ್ದುವುದನ್ನು ಅದರ ನಕಲಿನಲ್ಲಿ ಮಾಡಿ. ಟಿಫ್ ಕಡತವಾಗಿ ಉಳಿಸಿದರೆ ಒಳ್ಳೆಯದು. 4 ಇಂಚು 6 ಇಂಚಿನ ಒಂದು ಫೋಟೊ ಸುಮಾರು 25 ಎಂಬಿ ಆಗುತ್ತದೆ. ಜಾಗ ಸಾಲದಿದ್ದರೆ ಅತಿ ಹೆಚ್ಚು ಗುಣಮಟ್ಟದ ಜೆಪೆಗ್ ಆದೀತು.

ಸ್ಕ್ಯಾನರ್ ಇಲ್ಲವೇ? ಫೋನು ಸಾಕು. ಕಿಟಕಿಯ ಪಕ್ಕ, ನೇರ ಬಿಸಿಲಿಲ್ಲದ ಜಾಗದಲ್ಲಿ, ಫ್ಲ್ಯಾಶ್ ಇಲ್ಲದೆ, ಫೋನನ್ನು ಫೋಟೊಕ್ಕೆ ಸಮಾನಾಂತರವಾಗಿ ಹಿಡಿಯಿರಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಫೋಟೊ ಎಂದು ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ. ಅಂಗಡಿಗೆ ಕೊಡುವುದಾದರೆ ಎಣಿಸಿ ಕೊಡಿ, ಎಣಿಸಿ ತನ್ನಿ.

ಕಡತದ ಹೆಸರಿನಲ್ಲಿ ವರ್ಷ ಮೊದಲು ಬರಲಿ, "1974-05_ದೊಡ್ಡಮ್ಮನ-ಮದುವೆ_03" ಎಂಬ ಹಾಗೆ. ತಾನಾಗಿಯೇ ಸಾಲಾಗಿ ಕೂರುತ್ತವೆ.

ಕೊಲ್ಲಿಯಿಂದ ಮಾತು ತುಂಬಿ ಕಳಿಸುತ್ತಿದ್ದ ಕ್ಯಾಸೆಟ್, ಮದುವೆಯ ವಿಎಚ್ಎಸ್, 2000ದ ಆಸುಪಾಸಿನ ಸಿಡಿಗಳಿದ್ದರೆ ಫೋಟೊಕ್ಕಿಂತ ಮೊದಲು ಅವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ನುಡಿಸುವ ಯಂತ್ರಗಳೇ ಕಡಿಮೆಯಾಗುತ್ತಿವೆ. ರೀಲಿನಲ್ಲಿ ಬಿಳಿ ಬೂಷ್ಟು ಕಂಡರೆ ಪ್ಲೇಯರಿಗೆ ಹಾಕಬೇಡಿ, ಟೇಪೂ ಹೋಗುತ್ತದೆ, ಯಂತ್ರವೂ ಕೆಡುತ್ತದೆ.

ಪ್ರತಿಗಳನ್ನು ಮೂರು ಕಡೆ ಇಡಿ. ಎರಡು ಬೇರೆ ಬೇರೆ ಹಾರ್ಡ್ ಡಿಸ್ಕು, ಒಂದು ಕ್ಲೌಡು. ಡಿಸ್ಕುಗಳಲ್ಲಿ ಒಂದು ಬೇರೆ ಊರಿನಲ್ಲಿರಲಿ, ಬೆಂಗಳೂರಿನ ಮಗಳ ಮನೆಯೋ ದುಬೈಯ ತಮ್ಮನ ಮನೆಯೋ ಆದೀತು. ಪೆನ್‌ಡ್ರೈವನ್ನು ನಂಬಿ ಕೂರಬೇಡಿ. ಹಾರ್ಡ್ ಡಿಸ್ಕನ್ನು ವರ್ಷಕ್ಕೊಮ್ಮೆ ತೆರೆದು ನೋಡಿ, ಐದು ವರ್ಷಕ್ಕೆ ಹೊಸತಕ್ಕೆ ಬದಲಿಸಿ. ಗೂಗಲ್ ಎರಡು ವರ್ಷ ಯಾರೂ ಬಳಸದ ಖಾತೆಯನ್ನು ಅಳಿಸಬಹುದು. ಅದರ ಸೆಟ್ಟಿಂಗ್‌ನಲ್ಲಿ ನಿಮ್ಮ ನಂತರ ಖಾತೆ ಯಾರಿಗೆ ಎಂದು ಮೊದಲೇ ಸೂಚಿಸುವ ವ್ಯವಸ್ಥೆ ಇದೆ, ಅದನ್ನು ತುಂಬಿಸಿಡಿ.

ಸ್ಕ್ಯಾನ್ ಆಯಿತೆಂದು ಮೂಲವನ್ನು ಮಾತ್ರ ಬಿಸಾಡಬೇಡಿ.

ಎಲ್ಲಿ, ಯಾವುದರಲ್ಲಿ ಇಡುವುದು

ಅಟ್ಟ ಬೇಡ. ಹಿಂದೆ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಯಿಂದ ತೇವವೂ ಹುಳವೂ ದೂರ ಇರುತ್ತಿದ್ದವು. ಈಗ ಅಲ್ಲಿರುವುದು ಸೆಕೆ ಮತ್ತು ಎಣ್ಣೆಯ ಜಿಡ್ಡು. ಹಂಚು ಜಾರಿದರೆ ನೀರು ನೇರ ಟ್ರಂಕಿನ ಮೇಲೆ. ನೆಲದ ಮೇಲೂ ಬೇಡ, ಪಶ್ಚಿಮದ ಗೋಡೆಗೆ ತಾಗಿಸಿಯೂ ಬೇಡ. ಮಳೆ ಹೊಡೆಯುವುದು ಆ ಕಡೆಯಿಂದ. ಮನೆಯ ನಡುವಿನ ಕೋಣೆಯ ಕಪಾಟಿನ ನಡುವಿನ ಖಾನೆ ಎಲ್ಲಕ್ಕಿಂತ ಒಳ್ಳೆಯದು.

ಫೋಟೊಗಳ ನಡುವೆ ಆಮ್ಲ ಇಲ್ಲದ ಕಾಗದ ಇಡಿ, ಆಸಿಡ್ ಫ್ರೀ ಎಂದು ಕೇಳಿದರೆ ಆನ್‌ಲೈನಿನಲ್ಲಿ ಸಿಗುತ್ತದೆ. ನ್ಯೂಸ್‌ಪೇಪರ್ ತುಂಡು, ಕಂದು ಲಕೋಟೆ ಬೇಡ. ಪ್ಲಾಸ್ಟಿಕ್ ಕವರು ಬೇಕಾದರೆ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್. ಹೊಸ ರೇನ್‌ಕೋಟಿನ ವಾಸನೆ ಬರುವ ಪಿವಿಸಿ ಬೇಡ.

ಡಬ್ಬಕ್ಕೆ ರಬ್ಬರ್ ಅಂಚಿರುವ ಗಾಳಿ ಆಡದ ಪೆಟ್ಟಿಗೆ ತನ್ನಿ. ಆದರೆ ಅದನ್ನು ಮುಚ್ಚುವುದು ಜನವರಿಯ ಒಣ ಮಧ್ಯಾಹ್ನದಲ್ಲಿ. ತೇವದ ದಿನ ಮುಚ್ಚಿದರೆ ತೇವವೇ ಒಳಗೆ ಉಳಿಯುತ್ತದೆ. ಒಳಗೆ ಬಟ್ಟೆಚೀಲದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳು ಇಡಿ, ಫೋಟೊಕ್ಕೆ ತಾಗದ ಹಾಗೆ. ಬಣ್ಣ ಬದಲಾಗುವ ಕಿತ್ತಳೆ ಜಾತಿಯದ್ದು ಕೊಳ್ಳಿ, ನೀಲಿಯದ್ದರಲ್ಲಿ ಆರೋಗ್ಯಕ್ಕೆ ಒಳ್ಳೆಯದಲ್ಲದ ಕೋಬಾಲ್ಟ್ ಇರುತ್ತದೆ. ಬಣ್ಣ ಬದಲಾದಾಗ ಓವನ್ನಿನಲ್ಲಿ ಸುಮಾರು 110 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು. ತೆರೆದ ಕಪಾಟಿನಲ್ಲಿ ಸಿಲಿಕಾ ಜೆಲ್ ಇಟ್ಟು ಪ್ರಯೋಜನ ಇಲ್ಲ. ಒಂದು ಸಣ್ಣ ಡಿಜಿಟಲ್ ತೇವಮಾಪಕವನ್ನೂ ಡಬ್ಬದೊಳಗೆ ಹಾಕಿ. ಶೇಕಡ 35ರಿಂದ 50ರ ನಡುವೆ ಇದ್ದರೆ ನೆಮ್ಮದಿ. 60 ದಾಟಿದರೆ ಜೆಲ್ ಬದಲಿಸಿ.

ನೀರು ನುಗ್ಗಿದರೆ

ಕೈಯಲ್ಲಿರುವುದು ಸುಮಾರು 48 ಗಂಟೆ. ಅಷ್ಟರಲ್ಲಿ ಬೂಷ್ಟು ಶುರುವಾಗುತ್ತದೆ. ಒದ್ದೆ ಫೋಟೊಗಳು ಒಣಗಿದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಗಾಗಿ ಒದ್ದೆ ಇರುವಾಗಲೇ, ಬೇಸಿನ್ನಿನಲ್ಲಿ ತಣ್ಣನೆಯ ಶುದ್ಧ ನೀರು ಇಟ್ಟು, ಅದರಲ್ಲಿ ಮೆಲ್ಲ ಬಿಡಿಸಿ ಕೆಸರು ಹೋಗುವಂತೆ ಆಡಿಸಿ. ಮುಖ ಮುಟ್ಟಬೇಡಿ. ಮನೆಯ ಪ್ರಿಂಟರಿನಲ್ಲಿ ತೆಗೆದ ಇಂಕ್‌ಜೆಟ್ ಫೋಟೊವನ್ನು ನೀರಿಗೆ ಹಾಕಬೇಡಿ, ಬಣ್ಣ ಕರಗುತ್ತದೆ. ಶಾಯಿಯಲ್ಲಿ ಬರೆದ ಕಾಗದವನ್ನೂ ತೊಳೆಯಬೇಡಿ.

ಒಣಗಿಸಲು ಕಟ್ಟಿದ ಸೊಳ್ಳೆಪರದೆಯ ಮೇಲೋ ಹತ್ತಿ ಬಟ್ಟೆಯ ಮೇಲೋ ಮುಖ ಮೇಲಾಗಿ ಹರಡಿ. ನ್ಯೂಸ್‌ಪೇಪರ್ ಹಾಸಬೇಡಿ, ಅದರ ಮಸಿ ಹಿಡಿಯುತ್ತದೆ. ಫ್ಯಾನ್ ಗಾಳಿ ಕೋಣೆಯಲ್ಲಿ ಆಡಲಿ, ಫೋಟೊದ ಮೇಲೆ ನೇರ ಬೀಸದಿರಲಿ. ತುಂಬಾ ಇದ್ದು ಎಲ್ಲವನ್ನೂ ಒಣಗಿಸಲು ಆಗದಿದ್ದರೆ ಕಾಗದಗಳನ್ನು ಸಣ್ಣ ಸಣ್ಣ ಕಟ್ಟು ಮಾಡಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಫ್ರೀಜರಿಗೆ ಇಡಿ. ಮಳೆ ಬಿಟ್ಟ ಮೇಲೆ ಒಂದೊಂದೇ ಕಟ್ಟು ಹೊರತೆಗೆದು ಒಣಗಿಸಬಹುದು. ಒದ್ದೆಯಾದ ಫ್ರೇಮುಗಳನ್ನು ಮಾತ್ರ ಎಲ್ಲಕ್ಕಿಂತ ಮೊದಲು ಬಿಚ್ಚಿ. ಗಾಜು ಮತ್ತು ಫೋಟೊ ಒಟ್ಟಿಗೆ ಒಣಗಿದರೆ ಆಮೇಲೆ ಬಿಡಿಸಲು ಬಾರದು.